ಬೆಲೆಯೂ ನಾದವೂ: ದುಬಾರಿ ಪಿಟೀಲಿನಿಂದ ವಾದನ ಉತ್ತಮವಾಗುವುದೆ?

ಪಿಟೀಲು ಕಲಿಯುವ ಮಕ್ಕಳಿರುವ ಮನೆಗಳಲ್ಲಿ, ಮೂರು ನಾಲ್ಕು ವರ್ಷಗಳ ಅಭ್ಯಾಸವಾದ ಬಳಿಕ, ಒಂದು ಪ್ರಶ್ನೆ ತಲೆದೋರುವುದುಂಟು. ಕೈಯಲ್ಲಿರುವ ವಾದ್ಯ ಕಲಿಕೆಯ ಮೊದಲ ದಿನಗಳಿಗೆಂದು ಕೊಂಡದ್ದು; ಅದರ ಬೆಲೆಯೂ ಅಲ್ಪ. ಅದರ ನಾದ ಬಡವಾಗಿದೆಯೆಂದು ಕಲಿಯುವವರಿಗೆ ತೋರುತ್ತದೆ. ದೊಡ್ಡ ವಿದ್ವಾಂಸರ ಕಛೇರಿಯನ್ನು ಕೇಳಿದ ಮೇಲಂತೂ, ಇದರ ಹತ್ತರಷ್ಟು ಬೆಲೆಯ ಪಿಟೀಲೊಂದು ದೊರೆತರೆ ತಮ್ಮ ನಾದವೂ ಹಾಗೆಯೇ ತುಂಬಿ ಬರುತ್ತಿತ್ತು ಎಂಬ ಆಸೆ ಹುಟ್ಟುತ್ತದೆ. ಶಿವಮೊಗ್ಗ, ಭದ್ರಾವತಿಗಳಂತಹ ಊರುಗಳಲ್ಲಿ ಸಾಧಾರಣ ಸಂಬಳದಿಂದ ಜೀವನ ನಡೆಸುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ವಾದ್ಯದಲ್ಲಿ ಕರಗಿಹೋಗಬಹುದು. ಅದಕ್ಕಿಂತಲೂ ಗಂಭೀರವಾದ ಅಪಾಯ ಇನ್ನೊಂದಿದೆ: ಹೊಸ ವಾದ್ಯ ಕೊಳ್ಳಲಾಗದ ವಿದ್ಯಾರ್ಥಿಯು ತನ್ನ ಏಳಿಗೆಗೆ ಬಡತನವೇ ಅಡ್ಡಿಯೆಂದು ತಿಳಿದು ಕಮಾನನ್ನು ಕೆಳಗಿಟ್ಟುಬಿಡಬಹುದು.

ಆದುದರಿಂದ ಈ ಪ್ರಶ್ನೆಯನ್ನು ಕೇವಲ ಅಭಿರುಚಿಯ ಮಾತೆಂದು ಬಿಡುವುದು ಸರಿಯಲ್ಲ. ಇದರಲ್ಲಿ ಭೌತಶಾಸ್ತ್ರವು ಉತ್ತರ ಹೇಳಬಹುದಾದ ಭಾಗ ಬಹಳಷ್ಟಿದೆ. ವಾದ್ಯದ ಬೆಲೆ ಏರಿದಂತೆ ನಾದ ಉತ್ತಮವಾಗುವುದೆ? ನಾದವಿರಲಿ, ನುಡಿಸುವುದಾದರೂ ಸುಲಭವಾಗುವುದೆ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಟ್ಟುಕೊಂಡು ವಿಚಾರ ಮಾಡೋಣ.

ಅದಕ್ಕೆ ಮೊದಲು ನಮ್ಮ ಸಂಗೀತದ ಮನೆಯಿಂದಲೇ ಒಂದು ಉದಾಹರಣೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಎಳೆ ಹತ್ತಿಯ ನೂಲನ್ನು ಸಿಕ್ಕಿಸುತ್ತಾರೆ. ಆ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಮಂಕಾಗಿದ್ದ ತಂಬೂರಿ ಝೇಂಕರಿಸತೊಡಗುತ್ತದೆ. ವೀಣೆ ತಂಬೂರಿಗಳ ತಂತಿಗಳಲ್ಲಿ, ಸಾಮಾನ್ಯ ನಿಯಮದಂತೆ ಇರಬಾರದ ಉಪಸ್ವರಗಳೂ ಕೇಳಿಬರುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು ೧೯೨೧ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಕಾರಣ ಅಗಲವಾದ ಕುದುರೆಯ ಮೇಲ್ಮೈಯನ್ನು ತಂತಿ ಮುಟ್ಟಿ ಮುಟ್ಟಿ ಬಿಡುವ ರೀತಿ; ನೂಲು ಆ ಮುಟ್ಟುವಿಕೆಯನ್ನು ಹದಗೊಳಿಸುತ್ತದೆ. ತಂಬೂರಿಯ ಬೆಲೆ ಎಷ್ಟೇ ಇರಲಿ, ಕಾಸು ಬೆಲೆಯಿಲ್ಲದ ಈ ನೂಲು ಸರಿಯಾದ ಸ್ಥಳದಲ್ಲಿಲ್ಲದಿದ್ದರೆ ಅದು ಹಾಡುವುದಿಲ್ಲ. ಬೆಲೆ ಬೇರೆ, ನಾದ ಬೇರೆ ಎಂಬ ಸಂಶಯಕ್ಕೆ ಇಷ್ಟು ಸಾಕು. ಇನ್ನು ಪಿಟೀಲಿಗೆ ಬರೋಣ.

ತಂತಿಯಿಂದ ಕಿವಿಗೆ

ಪ್ರಯೋಗಶಾಲೆಯಲ್ಲಿ ಶ್ರುತಿಕವೆಯನ್ನು ಬಡಿದು ಗಾಳಿಯಲ್ಲಿ ಹಿಡಿದವರಿಗೆಲ್ಲ ಒಂದು ಸಂಗತಿ ತಿಳಿದಿದೆ. ಹಾಗೆ ಹಿಡಿದಾಗ ದನಿ ಅತಿ ಕ್ಷೀಣ. ಅದರ ಬುಡವನ್ನು ಮೇಜಿನ ಮೇಲೆ ಊರಿದೊಡನೆ ಕೊಠಡಿಯೆಲ್ಲ ಕೇಳಿಸುತ್ತದೆ. ತೆಳುವಾದ ವಸ್ತು ಗಾಳಿಯನ್ನು ಸೀಳಿಕೊಂಡು ಆಡುತ್ತದೆಯೇ ಹೊರತು ಗಾಳಿಯನ್ನು ತಳ್ಳಲಾರದು. ಪಿಟೀಲಿನ ತಂತಿಯ ಸ್ಥಿತಿಯೂ ಅದೇ. ತಂತಿಯ ಕಂಪನವು ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಅಲ್ಲಿಂದ, ವಾದ್ಯದೊಳಗೆ ಅಂಟಿಲ್ಲದೆ ಕೇವಲ ಒತ್ತಡದಿಂದ ನಿಂತಿರುವ ಒಂದು ಸಣ್ಣ ಮರದ ಕಂಬದ ಮೂಲಕ ಕೆಳಹಲಗೆಗೆ ತಲಪುತ್ತದೆ. ಈ ಕಂಬವನ್ನು ಫ್ರೆಂಚರು ತಮ್ಮ ಭಾಷೆಯಲ್ಲಿ 'ಆತ್ಮ' ಎಂದೇ ಕರೆಯುತ್ತಾರೆ. ಹಲಗೆಗಳು ಕಂಪಿಸುತ್ತವೆ, ಒಳಗಿನ ಗಾಳಿ ರಂಧ್ರಗಳ ಮೂಲಕ ಉಸಿರಾಡುತ್ತದೆ, ನಾದ ಹೊರಹೊಮ್ಮುತ್ತದೆ.

ಪೆಟ್ಟಿಗೆಯು ಎಲ್ಲ ಸ್ವರಗಳನ್ನೂ ಸಮನಾಗಿ ಹೊರಡಿಸುವುದಿಲ್ಲ. ಬಾಯಿ ಕಿರಿದಾದ ಸೀಸೆಯ ಅಂಚಿಗೆ ಊದಿದರೆ ಒಂದು ನಿಶ್ಚಿತ ಸ್ವರ ಹೊರಡುವಂತೆ, ಪಿಟೀಲಿನೊಳಗಿನ ಗಾಳಿಗೂ ಒಂದು ಸ್ವಂತ ಸ್ವರವಿದೆ. ಅದರ ಕಂಪನಾಂಕ ಸುಮಾರು ೨೭೦ ರಿಂದ ೨೮೦ ಹರ್ಟ್ಸ್. ಹಲಗೆಗಳ ಮುಖ್ಯ ಅನುರಣನಗಳು ೪೦೦ ರಿಂದ ೫೫೦ ಹರ್ಟ್ಸ್‌ಗಳ ಆಸುಪಾಸಿನಲ್ಲಿರುತ್ತವೆ. ಇವಕ್ಕಿಂತ ಬಹಳ ಕೆಳಗಿನ ಸ್ವರಗಳ ಮೂಲಕಂಪನವನ್ನು ಪೆಟ್ಟಿಗೆ ಚೆನ್ನಾಗಿ ಹೊರಡಿಸಲಾರದು.

ಈ ಮಾತು ನಮ್ಮ ಸಂಗೀತದಲ್ಲಿ ವಿಶೇಷ ಮಹತ್ವದ್ದು. ಪಾಶ್ಚಾತ್ಯರು ಪಿಟೀಲಿನ ನಾಲ್ಕು ತಂತಿಗಳನ್ನು ೧೯೬, ೨೯೪, ೪೪೦, ೬೫೯ ಹರ್ಟ್ಸ್‌ಗಳಿಗೆ ಕೂಡಿಸುತ್ತಾರೆ. ನಾವಾದರೋ ಹಾಡುಗಾರರ ಶ್ರುತಿಗೆ ಹೊಂದಿಸಿ ಸ-ಪ-ಸ-ಪ ಎಂದು ಕೂಡಿಸುತ್ತೇವೆ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಅವು ಸುಮಾರು ೧೩೧, ೧೯೬, ೨೬೨, ೩೯೨ ಹರ್ಟ್ಸ್ ಆಗುತ್ತವೆ. ಎಂದರೆ ನಮ್ಮ ಮಂದ್ರ ಷಡ್ಜವು ಪೆಟ್ಟಿಗೆಯ ಗಾಳಿಯ ಸ್ವರಕ್ಕಿಂತ ಒಂದು ಸ್ಥಾಯಿಗೂ ಕೆಳಗಿದೆ. ಅದರ ಮೂಲಕಂಪನ ಹೊರಗೆ ಬರುವುದು ಅತ್ಯಲ್ಪ. ಆದರೂ ನಮಗೆ ಷಡ್ಜವೇ ಕೇಳುತ್ತದಲ್ಲ, ಹೇಗೆ? ೨೬೨, ೩೯೨, ೫೨೩ ಎಂದು ೧೩೧ರ ಅಂತರದಲ್ಲಿ ಬರುವ ಉಪಸ್ವರಗಳನ್ನು ಹಿಡಿದು, ಕಿವಿ ಮತ್ತು ಮಿದುಳು ಕ್ಷೀಣವಾದ ಮೂಲವನ್ನು ತಾವೇ ತುಂಬಿಕೊಳ್ಳುತ್ತವೆ.

ಪಿಟೀಲಿನ ಬಳಗದಲ್ಲಿಯೇ ಅತಿ ದೊಡ್ಡದಾದ ಡಬಲ್ ಬೇಸ್ ಎಂಬ ವಾದ್ಯವನ್ನು ಇಲ್ಲಿ ನೆನೆಯಬಹುದು. ಪಾಶ್ಚಾತ್ಯ ವಾದ್ಯವೃಂದದಲ್ಲಿ ವಾದಕರು ಅದನ್ನು ನಿಲ್ಲಿಸಿಕೊಂಡು ನುಡಿಸುತ್ತಾರೆ. ಅದರ ಅತ್ಯಂತ ಕೆಳಗಿನ ತಂತಿ ೪೧ ಹರ್ಟ್ಸ್‌ನದು. ಗಾಳಿಯಲ್ಲಿ ಆ ಸ್ವರದ ಅಲೆಯುದ್ದ ಎಂಟು ಮೀಟರಿಗೂ ಹೆಚ್ಚು. ಪಿಟೀಲಿನ ಒಡಲು ಸುಮಾರು ೩೫.೫ ಸೆಂಟಿಮೀಟರು, ಅದೇ ಪ್ರಮಾಣದಲ್ಲಿ ೪೧ ಹರ್ಟ್ಸ್‌ಗೆ ತಕ್ಕ ಒಡಲನ್ನು ಮಾಡಿದರೆ ಅದು ೧.೭ ಮೀಟರು ಉದ್ದವಾದೀತು. ಮನುಷ್ಯರ ಕೈಗೆ ಎಟುಕದು. ಆದುದರಿಂದ ಡಬಲ್ ಬೇಸಿನ ಒಡಲು ಸುಮಾರು ೧.೧ ಮೀಟರಿನಷ್ಟೇ ಇರುತ್ತದೆ, ಅದರ ಕೆಳಸ್ವರಗಳ ಮೂಲಕಂಪನವೂ ಕ್ಷೀಣವೇ. ಬಿಳಿ ಒಂದಕ್ಕೆ ಇಳಿಸಿದ ಪಿಟೀಲೂ ಅಂಥದೇ ಸ್ಥಿತಿಯಲ್ಲಿದೆ. ಅದೇ ಪ್ರಮಾಣದಲ್ಲಿ ಅದರ ಒಡಲು ೫೩ ಸೆಂಟಿಮೀಟರು ಇರಬೇಕಾಗಿತ್ತು. ಹೀಗೆ, ಲೋಹದ ತುತೂರಿಯಂಥ ಗಾಂಭೀರ್ಯವನ್ನು ಮಂದ್ರ ಷಡ್ಜದಲ್ಲಿ ಬಯಸುವವರು ವಾದ್ಯದ ಅಳತೆಯೊಡನೆ ಜಗಳವಾಡುತ್ತಿದ್ದಾರೆಯೇ ಹೊರತು ಅದರ ಬೆಲೆಯೊಡನೆ ಅಲ್ಲ. ಹಣ ಎಷ್ಟು ತೆತ್ತರೂ ಪಿಟೀಲು ಪಿಟೀಲಿನಷ್ಟೇ ಉದ್ದವಿರುತ್ತದೆ.

ಮರದ ಗುಣ, ಕೈಯ ಕೆಲಸ

ಹಾಗಾದರೆ ಬೆಲೆಯಿಂದ ಏನೂ ದೊರೆಯುವುದಿಲ್ಲವೆ? ದೊರೆಯುತ್ತದೆ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಎಂಬ ಮರ ವಿಚಿತ್ರವಾದುದು. ಎಳೆಯ ಉದ್ದಕ್ಕೆ ಅದರಲ್ಲಿ ಶಬ್ದವು ಹೆಚ್ಚು ಕಡಿಮೆ ಉಕ್ಕಿನಲ್ಲಿ ಚಲಿಸುವಷ್ಟೇ ವೇಗವಾಗಿ, ಸೆಕೆಂಡಿಗೆ ಸುಮಾರು ೫೦೦೦ ಮೀಟರು, ಚಲಿಸುತ್ತದೆ. ತೂಕವಾದರೋ ಅದೇ ಗಾತ್ರದ ಉಕ್ಕಿನ ಹದಿನೆಂಟರಲ್ಲಿ ಒಂದು ಭಾಗ. ಬಿಗಿಯಾಗಿಯೂ ಹಗುರವಾಗಿಯೂ ಇರುವುದರಿಂದಲೇ ಅದು ತಂತಿಯ ಅಲ್ಪ ಶಕ್ತಿಯಿಂದ ಕಂಪಿಸಬಲ್ಲದು.

ಈ ಹಲಗೆಯ ದಪ್ಪ ಸುಮಾರು ಮೂರು ಮಿಲಿಮೀಟರು. ಹಲಗೆಯು ಬಾಗುವುದಕ್ಕೆ ತೋರುವ ವಿರೋಧವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಮೂರು ಇರಬೇಕಾದಲ್ಲಿ ನಾಲ್ಕು ಮಿಲಿಮೀಟರು ಬಿಟ್ಟರೆ ತೂಕ ಹೆಚ್ಚುವುದು ಮೂರರಲ್ಲಿ ಒಂದು ಪಾಲು ಮಾತ್ರ. ಆದರೆ ಬಿಗಿತ ಎರಡೂಕಾಲು ಪಟ್ಟನ್ನೂ ಮೀರುತ್ತದೆ. ಅವಸರದಲ್ಲಿ ತಯಾರಾದ ಅತಿ ಅಗ್ಗದ ವಾದ್ಯದ ದೋಷ ಅನೇಕ ವೇಳೆ ಇದೇ: ಹಲಗೆ ದಪ್ಪ, ಬಣ್ಣದ ಲೇಪ ದಪ್ಪ, ಒಳಗಿನ ಕಂಬ ಒರಟು. ಇಂಥ ವಾದ್ಯ ಕಮಾನಿಗೆ ಸುಲಭವಾಗಿ ಓಗೊಡುವುದಿಲ್ಲ. ಇದರಿಂದ ಮೇಲೆದ್ದು, ಒಬ್ಬ ಅನುಭವಿ ಕೆಲಸಗಾರನು ತೂಗಿ, ತಟ್ಟಿ, ತೆಳುಗೊಳಿಸಿದ ವಾದ್ಯಕ್ಕೆ ಹೋಗುವ ಮೊದಲ ಮೆಟ್ಟಿಲಿನಲ್ಲಿ ಹಣಕ್ಕೆ ತಕ್ಕ ಫಲ ನಿಜವಾಗಿ ಇದೆ. ಆದರೆ ಮುಂದಿನ ಮೆಟ್ಟಿಲುಗಳಲ್ಲಿ ಬೆಲೆಯನ್ನು ಏರಿಸುವುದು ಬೇರೆ ಸಂಗತಿಗಳು: ಮಾಡಿದವನ ಹೆಸರು, ವಾದ್ಯದ ವಯಸ್ಸು, ಅಂಥವು ಎಷ್ಟು ಉಳಿದಿವೆ ಎಂಬ ಲೆಕ್ಕ. ೧೭೨೧ರಲ್ಲಿ ಇಟಲಿಯ ಸ್ಟ್ರಾಡಿವಾರಿ ಮಾಡಿದ 'ಲೇಡಿ ಬ್ಲಂಟ್' ಎಂಬ ಪಿಟೀಲು ೨೦೧೧ರ ಹರಾಜಿನಲ್ಲಿ ಸುಮಾರು ಒಂದು ಕೋಟಿ ಐವತ್ತೊಂಬತ್ತು ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಆ ಬೆಲೆಯನ್ನು ನಾದದ ಅಳತೆಯೆಂದು ತಿಳಿಯುವುದು, ಹಳೆಯ ನಾಣ್ಯವೊಂದರ ಬೆಲೆಯನ್ನು ಅದರಲ್ಲಿರುವ ತಾಮ್ರದ ಗುಣವೆಂದು ತಿಳಿದಂತೆ.

ಭದ್ರಾವತಿಯ ಉಕ್ಕು, ಪಿಟೀಲಿನ ತಂತಿ

ಮರ ಮತ್ತು ಉಕ್ಕು ಎರಡೂ ನಮ್ಮ ಜಿಲ್ಲೆಗೆ ಪರಿಚಿತವಾದುವು. ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣ ಹರಿಯತೊಡಗಿದಾಗ ಕುಲುಮೆಗೆ ಬಿದ್ದದ್ದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಮರದ ಇದ್ದಿಲು. ಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಕೊಂಚ ಬದಲಾದರೂ ಅದರ ಸ್ವಭಾವ ಎಷ್ಟು ಬದಲಾಗುವುದೆಂಬುದನ್ನು ಆ ಊರಿನ ಕಾರ್ಖಾನೆಯಲ್ಲಿ ದುಡಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಪಿಟೀಲಿನ ತಂತಿಯನ್ನು ತಿಳಿಯಲು ಅದೇ ಜ್ಞಾನ ಬೇಕು.

ಕಂಪಿಸುವ ತಂತಿಯ ನಿಯಮ ಪದವಿಪೂರ್ವ ತರಗತಿಯವರಿಗೆ ಗೊತ್ತಿದೆ. ಅದನ್ನು ಸ್ವಲ್ಪ ತಿರುಗಿಸಿ ಬರೆದರೆ ಒಂದು ಸ್ವಾರಸ್ಯವಾದ ಫಲ ದೊರೆಯುತ್ತದೆ: ಗೊತ್ತಾದ ಉದ್ದದ ಉಕ್ಕಿನ ತಂತಿಯನ್ನು ಗೊತ್ತಾದ ಸ್ವರಕ್ಕೆ ಕೂಡಿಸಿದಾಗ, ಅದರ ಒಂದೊಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಎಳೆತವು ತಂತಿಯ ದಪ್ಪವನ್ನು ಅವಲಂಬಿಸುವುದೇ ಇಲ್ಲ. ಪಿಟೀಲಿನ ತಂತಿಯ ಉದ್ದ ಸುಮಾರು ೩೩ ಸೆಂಟಿಮೀಟರು. ಅದನ್ನು ೬೫೯ ಹರ್ಟ್ಸ್‌ಗೆ ಕೂಡಿಸಿದರೆ ಚದರ ಮಿಲಿಮೀಟರಿಗೆ ಸುಮಾರು ೧೫೦ ಕಿಲೊಗ್ರಾಂ ತೂಕದ ಎಳೆತ ಬೀಳುತ್ತದೆ. ಮನೆ ಕಟ್ಟಲು ಬಳಸುವ ಸಾಧಾರಣ ಮೆದು ಉಕ್ಕು ಸುಮಾರು ೪೦ ಕಿಲೊಗ್ರಾಮಿಗೇ ಹರಿಯುತ್ತದೆ. ಅದರಿಂದ ತಂತಿ ಮಾಡಿದರೆ, ದಪ್ಪವಾಗಿರಲಿ ತೆಳುವಾಗಿರಲಿ, ಸ್ವರ ಮುಟ್ಟುವ ಮೊದಲೇ ತುಂಡಾಗುವುದು. ಇಂಗಾಲ ಹೆಚ್ಚಾಗಿರುವ, ಅಂದರೆ ಸುಮಾರು ೦.೮ ಪ್ರತಿಶತ ಇರುವ, ಉಕ್ಕನ್ನು ಸಣ್ಣ ಸಣ್ಣ ರಂಧ್ರಗಳ ಮೂಲಕ ತಣ್ಣಗಿರುವಾಗಲೇ ಎಳೆದೆಳೆದು ತಂತಿ ಮಾಡಿದಾಗ ಮಾತ್ರ ಅದು ೨೦೦ ಕಿಲೊಗ್ರಾಮನ್ನೂ ಮೀರಿ ತಾಳುತ್ತದೆ.

ಇನ್ನು ನಮ್ಮ ಶ್ರುತಿಯ ವಿಚಾರ. ಎಳೆತವು ಕಂಪನಾಂಕದ ವರ್ಗಕ್ಕೆ ಅನುಗುಣವಾದುದು. ೦.೨೬ ಮಿಲಿಮೀಟರು ದಪ್ಪದ ಮೇಲುತಂತಿ ೬೫೯ ಹರ್ಟ್ಸ್‌ನಲ್ಲಿ ಸುಮಾರು ೮ ಕಿಲೊಗ್ರಾಂ ತೂಕದಷ್ಟು ಎಳೆತದಲ್ಲಿರುತ್ತದೆ. ಅದೇ ತಂತಿಯನ್ನು ನಾವು ೩೯೨ ಹರ್ಟ್ಸ್‌ನ ಪಂಚಮಕ್ಕೆ ಇಳಿಸಿದರೆ ಎಳೆತ ೩ ಕಿಲೊಗ್ರಾಮಿಗೂ ಕೆಳಗಿಳಿಯುತ್ತದೆ. ಮೂರರಲ್ಲಿ ಒಂದು ಪಾಲು! ಉಳಿದ ತಂತಿಗಳಲ್ಲಿಯೂ ಎಳೆತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸಡಿಲವಾದ ತಂತಿ ಕುದುರೆಯನ್ನು ಬಲವಾಗಿ ಒತ್ತುವುದಿಲ್ಲ, ಕಮಾನಿನ ಒತ್ತಡವನ್ನು ತಾಳುವುದಿಲ್ಲ, ನಾದ ಸೊರಗುತ್ತದೆ. ಈ ಸೊರಗುವಿಕೆಯನ್ನು ಅನೇಕರು ವಾದ್ಯದ ಬಡತನವೆಂದು ತಿಳಿಯುತ್ತಾರೆ. ಹೆಚ್ಚು ಬೆಲೆಯ ವಾದ್ಯಕ್ಕೆ ಅದೇ ತಂತಿಗಳನ್ನು ಹಾಕಿ ಅದೇ ಶ್ರುತಿಗೆ ಇಳಿಸಿದರೆ ಅಲ್ಲಿಯೂ ಎಳೆತ ಅಷ್ಟೇ. ಇದಕ್ಕೆ ಪರಿಹಾರ ತಮ್ಮ ಶ್ರುತಿಗೆ ತಕ್ಕಷ್ಟು ದಪ್ಪನಾದ, ಇಲ್ಲವೆ ಲೋಹದ ಎಳೆ ಸುತ್ತಿ ಭಾರಗೊಳಿಸಿದ ತಂತಿಗಳನ್ನು ಆರಿಸುವುದು. ಇದಕ್ಕೂ ಮಿತಿಯುಂಟು, ಒಂಟಿ ತಂತಿ ಬಹಳ ದಪ್ಪವಾದರೆ ಬಿರುಸಾಗಿ ಉಪಸ್ವರಗಳು ಕೆಡುತ್ತವೆ. ಒಂದೆರಡು ಬಗೆಗಳನ್ನು ಹಾಕಿ ನೋಡಿ, ಗುರುಗಳ ಸಲಹೆಯಂತೆ ಆರಿಸಬೇಕು. ತಂತಿಯ ಖರ್ಚು ಹೊಸ ವಾದ್ಯದ ಖರ್ಚಿನ ಒಂದು ಸಣ್ಣ ಅಂಶ ಮಾತ್ರ.

ಕಮಾನು ಹಿಡಿದ ಕೈ

ಈಗ ಎರಡನೆಯ ಪ್ರಶ್ನೆ: ನುಡಿಸುವಿಕೆ. ಕಮಾನಿನ ಅಡಿಯಲ್ಲಿ ತಂತಿ ಹೇಗೆ ಚಲಿಸುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಂಡುಹಿಡಿದನು. ರಾಳ ಹಚ್ಚಿದ ಕುದುರೆಗೂದಲು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ, ತಂತಿ ಹಠಾತ್ತನೆ ಜಾರಿ ಹಿಂದಕ್ಕೆ ಹೋಗುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಮಧ್ಯ ಷಡ್ಜ ೨೬೨ ಹರ್ಟ್ಸ್ ಆದರೆ ಸೆಕೆಂಡಿಗೆ ೨೬೨ ಬಾರಿ ಹೀಗೆ ಅಂಟಿ ಜಾರುತ್ತದೆ. ಪ್ರತಿಯೊಂದು ಆವರ್ತದಲ್ಲಿಯೂ ಸರಿಯಾಗಿ ಒಂದೇ ಬಾರಿ ಜಾರಿದರೆ ನಾದ ಶುದ್ಧ. ಒತ್ತಡ ಸಾಲದಿದ್ದರೆ ಎರಡು ಮೂರು ಸಲ ಜಾರಿ ದನಿ ಪೊಳ್ಳಾಗುತ್ತದೆ. ಒತ್ತಡ ಮಿತಿಮೀರಿದರೆ ಜಾರುವ ಹೊತ್ತು ತಪ್ಪಿ ಕರ್ಕಶವಾಗುತ್ತದೆ.

ಈ ಚಲನೆಯ ಯಂತ್ರಶಾಸ್ತ್ರವನ್ನು ವಿವರವಾಗಿ ಬಿಡಿಸಿದವರಲ್ಲಿ ರಾಮನ್ ಅವರದು ಹಿರಿಯ ಹೆಸರು. ಕಲ್ಕತ್ತೆಯಲ್ಲಿದ್ದಾಗ ೧೯೧೮ರಲ್ಲಿ ಅವರು ಕಮಾನಿನಿಂದ ನುಡಿಸಿದ ತಂತಿಗಳ ಬಗ್ಗೆ ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದರು. ೧೯೨೦ರಲ್ಲಿ ಪಿಟೀಲನ್ನು ಯಂತ್ರದಿಂದ ನುಡಿಸಿ, ನಾದ ಹೊರಡಲು ಕನಿಷ್ಠ ಎಷ್ಟು ಒತ್ತಡ ಬೇಕೆಂಬುದನ್ನು ಅಳೆದ ವರದಿಯನ್ನು ಕೊಟ್ಟರು. ಮುಂದೆ ೧೯೭೩ರಲ್ಲಿ ಅಮೆರಿಕದ ಶೆಲ್ಲೆಂಗ್ ಎಂಬವನು ಕನಿಷ್ಠ ಒತ್ತಡದ ಜೊತೆಗೆ ಗರಿಷ್ಠ ಒತ್ತಡದ ನಿಯಮವನ್ನೂ ಸೇರಿಸಿ ಒಂದು ನಕ್ಷೆ ಬರೆದನು. ಅದರ ಸಾರ ಇಷ್ಟು: ಕಮಾನು ಕುದುರೆಯಿಂದ ಇರುವ ದೂರವನ್ನು ಅರ್ಧ ಮಾಡಿದರೆ ಬೇಕಾಗುವ ಕನಿಷ್ಠ ಒತ್ತಡ ನಾಲ್ಕು ಪಟ್ಟಾಗುತ್ತದೆ, ತಾಳಬಲ್ಲ ಗರಿಷ್ಠ ಒತ್ತಡವಾದರೋ ಎರಡು ಪಟ್ಟು ಮಾತ್ರ. ಅಂದರೆ ಇವೆರಡರ ನಡುವಿನ ನಿಷ್ಪತ್ತಿ ಅರ್ಧಕ್ಕೆ ಇಳಿಯುತ್ತದೆ. ಕುದುರೆಯ ಸಮೀಪದಲ್ಲಿ ನಾದ ಕಾಂತಿಯುತವಾಗುತ್ತದೆ, ಬಲವಾಗುತ್ತದೆ. ಆದರೆ ಕೈ ತಪ್ಪಲು ಅವಕಾಶ ಕಿರಿದಾಗುತ್ತದೆ. ವಿದ್ವಾಂಸರ ನಾದ ತುಂಬಿ ಬರುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಅವರ ಕೈ ಈ ಕಿರಿದಾದ ಹಾದಿಯಲ್ಲಿ ಅಂಜದೆ ನಡೆಯಬಲ್ಲದು. ಹೊಸಬರ ಕೈ ಅಪಾಯವನ್ನು ತಪ್ಪಿಸಿಕೊಂಡು ಕುದುರೆಯಿಂದ ದೂರ ಉಳಿಯುತ್ತದೆ, ನಾದ ತೆಳುವಾಗುತ್ತದೆ. ಈ ಹಾದಿಯನ್ನು ಅಭ್ಯಾಸದಿಂದ ಸಂಪಾದಿಸಬಹುದು, ಅಂಗಡಿಯಲ್ಲಿ ಕೊಳ್ಳಲಾಗದು.

ವಾದ್ಯದ ಪಾತ್ರ ಇಲ್ಲಿಯೂ ಇಲ್ಲದೆ ಇಲ್ಲ. ಒಡಲಿನ ಪ್ರಬಲವಾದ ಅನುರಣನವೊಂದು ನುಡಿಸುವ ಸ್ವರಕ್ಕೆ ಸರಿಯಾಗಿ ಎದುರಾದಾಗ, ತಂತಿಯ ಶಕ್ತಿಯನ್ನೆಲ್ಲ ಒಡಲು ಹೀರಿಕೊಂಡು, ಕನಿಷ್ಠ ಒತ್ತಡವು ಏರಿಬಿಡುತ್ತದೆ. ಆ ಒಂದು ಸ್ವರದಲ್ಲಿ ನಾದ ನಡುಗಿ ತೊದಲುತ್ತದೆ. ಇದಕ್ಕೆ 'ತೋಳದ ಸ್ವರ' ಎಂದು ಹೆಸರು. ಸೆಲ್ಲೊ, ಡಬಲ್ ಬೇಸ್‌ಗಳಲ್ಲಿ ಇದು ಹೆಚ್ಚು. ಇದರ ಕಾರಣವನ್ನು ೧೯೧೬ರಿಂದ ಮೊದಲಾದ ಬರೆಹಗಳಲ್ಲಿ ವಿವರಿಸಿದವರೂ ರಾಮನ್ ಅವರೇ. ಆದರೆ ಬಹಳ ಬೆಲೆಬಾಳುವ ವಾದ್ಯಗಳಲ್ಲಿಯೂ ತೋಳದ ಸ್ವರ ಇರುವುದುಂಟು. ಬೆಲೆ ಇದಕ್ಕೆ ರಕ್ಷೆಯಲ್ಲ.

ಕಣ್ಣು ಮುಚ್ಚಿದರೆ

ಇಷ್ಟೆಲ್ಲ ಹೇಳಿದರೂ, 'ಒಳ್ಳೆಯ ಕಿವಿಯವರಿಗೆ ವ್ಯತ್ಯಾಸ ತಿಳಿಯುತ್ತದೆ' ಎಂದು ಯಾರಾದರೂ ವಾದಿಸಬಹುದು. ಅದನ್ನೂ ಪರೀಕ್ಷೆ ಮಾಡಿದ್ದಾರೆ. ೨೦೧೦ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಫ್ರಾನ್ಸಿನ ವಿಜ್ಞಾನಿ ಕ್ಲಾಡಿಯಾ ಫ್ರಿಟ್ಸ್, ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು ೨೧ ಮಂದಿ ನುರಿತ ವಾದಕರ ಮುಂದೆ ಆರು ಪಿಟೀಲುಗಳನ್ನಿಟ್ಟರು. ಮೂರು ಹೊಸವು, ಉಳಿದ ಮೂರರಲ್ಲಿ ಎರಡು ಸ್ಟ್ರಾಡಿವಾರಿಯವು, ಒಂದು ಗ್ವಾರ್ನೇರಿಯದು. ಹಳೆಯ ಮೂರರ ಒಟ್ಟು ಬೆಲೆ ಹೊಸ ಮೂರರ ಬೆಲೆಯ ಸುಮಾರು ನೂರರಷ್ಟು. ಮಬ್ಬುಬೆಳಕಿನ ಕೊಠಡಿ, ವಾದಕರ ಕಣ್ಣಿಗೆ ಕಪ್ಪು ಕನ್ನಡಕ, ಹಳೆಯ ಮರದ ವಾಸನೆಯೂ ತಿಳಿಯಬಾರದೆಂದು ಗದ್ದವಿಡುವ ಸ್ಥಳಕ್ಕೆ ಸುಗಂಧದ ಲೇಪ. ಮನೆಗೆ ಒಯ್ಯಲು ಒಂದನ್ನು ಆರಿಸಿರೆಂದಾಗ ೧೩ ಮಂದಿ ಹೊಸ ವಾದ್ಯವನ್ನೇ ಆರಿಸಿದರು. ಎಲ್ಲರಿಗಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವಾರಿ. ತಾವು ಆರಿಸಿದ್ದು ಹಳೆಯದೋ ಹೊಸದೋ ಎಂದು ೧೭ ಮಂದಿಯನ್ನು ಕೇಳಿದರೆ ಸರಿಯಾಗಿ ಹೇಳಿದವರು ಮೂವರು. ಹೋಟೆಲಿನ ಕೊಠಡಿಯಲ್ಲಿ ಮಾಡಿದ ಪರೀಕ್ಷೆ ಎಂಬ ಆಕ್ಷೇಪಣೆ ಬಂದುದರಿಂದ, ೨೦೧೨ರಲ್ಲಿ ಪ್ಯಾರಿಸಿನ ಬಳಿ ಹತ್ತು ಮಂದಿ ಖ್ಯಾತ ಏಕವಾದಕರೊಡನೆ, ಹನ್ನೆರಡು ಪಿಟೀಲುಗಳನ್ನು, ಸಂಗೀತಸಭಾಂಗಣದಲ್ಲಿಯೂ ನುಡಿಸಿ ಪರೀಕ್ಷಿಸಿದರು. ಹಳೆಯದೋ ಹೊಸದೋ ಎಂಬ ಊಹೆಗಳಲ್ಲಿ ಸರಿಯೂ ತಪ್ಪೂ ಹೆಚ್ಚು ಕಡಿಮೆ ಸಮಸಮ. ಕೇಳುವವರನ್ನು ಕೂಡಿಸಿ ಮಾಡಿದ ಪರೀಕ್ಷೆಯ ಫಲ ೨೦೧೭ರಲ್ಲಿ ಪ್ರಕಟವಾಯಿತು. ಅವರೂ ಒಟ್ಟಿನಲ್ಲಿ ಹೊಸ ವಾದ್ಯಗಳನ್ನೇ ಮೆಚ್ಚಿದ್ದರು.

ಇದರ ಅರ್ಥವನ್ನು ಅಳತೆ ಮೀರಿ ಹಿಗ್ಗಿಸಬಾರದು. ಆ ಹೊಸ ವಾದ್ಯಗಳು ಅಗ್ಗದವಲ್ಲ. ಶ್ರೇಷ್ಠ ಕುಶಲಕರ್ಮಿಗಳ ಕೃತಿಗಳು. ಅತಿ ಅಗ್ಗದ ಪಿಟೀಲು ಸ್ಟ್ರಾಡಿವಾರಿಗೆ ಸಮವೆಂದು ಈ ಪರೀಕ್ಷೆ ಹೇಳುವುದಿಲ್ಲ. ಕೆಲಸಗಾರಿಕೆ ಒಂದು ಮಟ್ಟವನ್ನು ಮುಟ್ಟಿದ ಮೇಲೆ, ಬೆಲೆ ನೂರು ಪಟ್ಟಾದರೂ ನಾದವು ಅದನ್ನು ಹಿಂಬಾಲಿಸುವುದಿಲ್ಲ ಎಂಬಷ್ಟನ್ನು ಹೇಳುತ್ತದೆ.

ವಿದ್ಯಾರ್ಥಿಗಳು ಇಂಥ ಪರೀಕ್ಷೆಯನ್ನು ತಾವೇ ಮಾಡಬಹುದು. ಕೈಯಲ್ಲಿರುವ ವಾದ್ಯ, ಕೊಳ್ಳಬೇಕೆಂದಿರುವ ವಾದ್ಯ ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿ, ಒಬ್ಬರೇ ವಾದಕರು, ಒಂದೇ ಕಮಾನಿನಿಂದ, ಪರದೆಯ ಹಿಂದೆ ಒಂದೇ ಸ್ವರಾವಳಿಯನ್ನು ನುಡಿಸಬೇಕು. ಯಾವುದನ್ನು ನುಡಿಸಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಣಯಿಸಬೇಕು. ಹೀಗೆ ಹತ್ತು ಬಾರಿ. ಪ್ರತಿ ಸಲವೂ ಕೇಳುಗರು ಯಾವ ವಾದ್ಯವೆಂದು ಬರೆದಿಡಲಿ. ಬರಿಯ ಅದೃಷ್ಟದಿಂದ ಹತ್ತರಲ್ಲಿ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ೧೦೨೪ರಲ್ಲಿ ೧೧, ನೂರಕ್ಕೆ ಒಂದರಷ್ಟು. ಅಷ್ಟು ಸರಿಯಾದರೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆಯೆಂದು ನಂಬಬಹುದು. ಐದು ಆರು ಮಾತ್ರ ಸರಿಯಾದರೆ, ಆ ವ್ಯತ್ಯಾಸಕ್ಕೆ ಹಣ ತೆರುವ ಮೊದಲು ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಯಾವುದು ಮೊದಲು?

ಹಾಗಾದರೆ ವಾದ್ಯ ಬದಲಿಸಲೇ ಬಾರದೆ? ಹಾಗಲ್ಲ. ಕ್ರಮ ತಿಳಿದಿರಬೇಕು. ಮೊದಲು ವಾದ್ಯವನ್ನು ತಿಳಿದವರಿಂದ ಹದ ಮಾಡಿಸಬೇಕು: ಕುದುರೆಯ ಎತ್ತರ, ಒಳಗಿನ ಕಂಬದ ಸ್ಥಾನ, ಬಿರಡೆಗಳ ಬಿಗಿ. ಮಲೆನಾಡಿನ ಹೆಬ್ಬಾಗಿಲಿನಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಮರ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ತಂತಿಗಳ ಎತ್ತರ ಬದಲಾಗುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ, ನಾದ ಮಂಕಾಗುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಡೆ ಜಾರುತ್ತದೆ. ಸಾವಿರದ್ದಾಗಲಿ ಲಕ್ಷದ್ದಾಗಲಿ, ಮರ ಮರವೇ. ಎರಡನೆಯದಾಗಿ ಶ್ರುತಿಗೆ ತಕ್ಕ ತಂತಿಗಳು. ಮೂರನೆಯದಾಗಿ ಕಮಾನು: ಕೂದಲು ಸವೆದಿದ್ದರೆ ಹೊಸದಾಗಿ ಕಟ್ಟಿಸಬೇಕು, ಕಡ್ಡಿ ಸೊಟ್ಟಗಿದ್ದರೆ ಬದಲಿಸಬೇಕು. ಇಷ್ಟಾದ ಮೇಲೂ ಗುರುಗಳು ಅದೇ ವಾದ್ಯವನ್ನು ತಮ್ಮ ಕೈಯಿಂದ ನುಡಿಸಿ ನೋಡಲಿ. ಅವರ ಕೈಯಲ್ಲಿ ಅದು ಹಾಡಿದರೆ ಕೊರತೆ ಇರುವುದು ಅಭ್ಯಾಸದಲ್ಲಿ. ಅವರ ಕೈಯಲ್ಲಿಯೂ ಅದು ತೊದಲಿದರೆ, ಸ್ವರ ಹೊರಡಲು ತಡಮಾಡಿದರೆ, ಒಂದು ತಂತಿ ಕೂಗಿ ಇನ್ನೊಂದು ಮೂಕವಾದರೆ, ಆಗ ವಾದ್ಯ ಬದಲಿಸುವುದು ವ್ಯರ್ಥ ವೆಚ್ಚವಲ್ಲ, ಅವಶ್ಯಕತೆ.

ಮೈಸೂರಿನ ಟಿ. ಚೌಡಯ್ಯನವರ ನಿದರ್ಶನ ಇಲ್ಲಿ ಉಚಿತವಾಗಿದೆ. ಧ್ವನಿವರ್ಧಕಗಳಿಲ್ಲದ ದೊಡ್ಡ ಸಭೆಗಳಲ್ಲಿ ಪಿಟೀಲು ಹಿಂದಿನ ಸಾಲಿನವರಿಗೆ ಕೇಳುತ್ತಿರಲಿಲ್ಲ. ಅವರು ಅದಕ್ಕಾಗಿ ಹೆಚ್ಚು ಬೆಲೆಯ ವಿದೇಶೀ ವಾದ್ಯವೊಂದನ್ನು ಅರಸದೆ, ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಜೊತೆತಂತಿಗಳಿಂದ ನಾದ ದಪ್ಪವಾಯಿತು, ದೂರ ತಲಪಿತು. ಕೊರತೆ ಏನೆಂಬುದನ್ನು ಮೊದಲು ಖಚಿತವಾಗಿ ಅರಿತು, ಆ ಕೊರತೆಗೆ ಮಾತ್ರ ಚಿಕಿತ್ಸೆ ಮಾಡುವುದು ವೈಜ್ಞಾನಿಕ ದೃಷ್ಟಿ. ಅದನ್ನು ಪ್ರಯೋಗಶಾಲೆಯ ಹೊರಗೂ ಕಾಣಬಹುದೆಂಬುದಕ್ಕೆ ಇದು ಸಾಕ್ಷಿ.

ಬೆಲೆ ಹೆಚ್ಚಾದುದೆಲ್ಲ ನಾದದಲ್ಲಿ ಹಿರಿದಲ್ಲ. ಬೆಲೆ ಕಡಿಮೆಯಾದುದೆಲ್ಲ ಕಲಿಕೆಗೆ ಅಡ್ಡಿಯೂ ಅಲ್ಲ. ಹದವಾಗಿರುವ ಸಾಧಾರಣ ವಾದ್ಯ, ಶ್ರುತಿಗೆ ತಕ್ಕ ತಂತಿ, ನೇರವಾದ ಕಮಾನು, ಇವು ಮೂರು ಕೈಯಲ್ಲಿದ್ದರೆ ಮುಂದಿನ ಹಾದಿಯ ಬಹುಭಾಗ ವಿದ್ಯಾರ್ಥಿಯ ಬಲಗೈಯಲ್ಲಿದೆ. ಆ ಕೈಯನ್ನು ತಿದ್ದಲು ಬೇಕಾದುದು ಕಾಲ;ಅದು ಬಡವರಿಗೂ ಶ್ರೀಮಂತರಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ.